ಬೆರಳ ಸನ್ನೆ ಮತ್ತು ಬಸ್ಸಿನ ಹಾದಿ: 2010ರ ವಿಶ್ವಕಪ್ ಹಾಗೂ ಜೋಹಾನ್ಸ್‌ಬರ್ಗಿನ ಸಂಚಾರ ಜಾನಪದ

ದೊಡ್ಡ ಕ್ರೀಡಾಕೂಟವೊಂದರ ಆತಿಥ್ಯ ವಹಿಸಿಕೊಂಡ ನಗರದಲ್ಲಿ ಮೊದಲು ಚರ್ಚೆಗೆ ಬರುವುದು ಕ್ರೀಡಾಂಗಣ. ಅದರ ಬೆನ್ನಿಗೇ ಬರುವುದು ಸಾರಿಗೆ. ಎಷ್ಟು ಸಾವಿರ ಜನರನ್ನು ಎಷ್ಟು ಹೊತ್ತಿನಲ್ಲಿ ಕ್ರೀಡಾಂಗಣಕ್ಕೆ ಮುಟ್ಟಿಸಿ ಮರಳಿ ಕಳಿಸಬೇಕೆಂಬ ಲೆಕ್ಕ ಎಂಜಿನಿಯರುಗಳದು, ಅದಕ್ಕೆ ತಗಲುವ ವೆಚ್ಚದ ಲೆಕ್ಕ ಅರ್ಥಶಾಸ್ತ್ರಜ್ಞರದು. ಇಂಥ ವಿಷಯದಲ್ಲಿ ಜಾನಪದ ವಿದ್ವಾಂಸರಿಗೆ ಏನು ಕೆಲಸ ಎಂದು ಕೇಳುವವರುಂಟು. ಆದರೆ ನಗರವೊಂದರ ಜನ ದಿನವೂ ಹೇಗೆ ಓಡಾಡುತ್ತಾರೆ, ಓಡಾಟದ ನಿಯಮಗಳನ್ನು ಯಾರು ಮಾಡುತ್ತಾರೆ, ಅವುಗಳನ್ನು ಹೊಸಬನಿಗೆ ಯಾರು ಕಲಿಸುತ್ತಾರೆ ಎಂಬ ಪ್ರಶ್ನೆಗಳು ಜಾನಪದದ ಪ್ರಶ್ನೆಗಳೇ ಆಗಿವೆ. ಬರಹದ ನೆರವಿಲ್ಲದೆ, ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿಬಂದ ತಿಳಿವಳಿಕೆಯ ಮೇಲೆ ಇಡೀ ಮಹಾನಗರದ ಸಂಚಾರವೇ ನಿಂತಿರುವ ಉದಾಹರಣೆಯೊಂದು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನಲ್ಲಿದೆ. 2010ರ ಜೂನ್ 11ರಿಂದ ಜುಲೈ 11ರವರೆಗೆ ನಡೆದ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಗಾಗಿ ಈ ನಗರ ಹೊಸ ರೈಲು, ಹೊಸ ಬಸ್ಸು, ಹೊಸ ಹಾದಿಗಳನ್ನು ಸಿದ್ಧಪಡಿಸಿತು. ಆ ಸಿದ್ಧತೆಯು ಹಳೆಯ ವಾಹನಗಳ ಒಡೆಯರೊಡನೆ ರಾಜಿ ಮಾಡಿಕೊಂಡಿತೇ ಹೊರತು ಆ ವಾಹನಗಳನ್ನು ನಡೆಸುತ್ತಿದ್ದ ಜನಪದ ಜ್ಞಾನದ ಕಡೆಗೆ ಕಣ್ಣು ಹಾಯಿಸಲಿಲ್ಲ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ.

ಜನಪದರೆಂದರೆ ಹಳ್ಳಿಗರು, ಅನಕ್ಷರಸ್ಥರು ಎಂಬ ಹಳೆಯ ಗ್ರಹಿಕೆಯನ್ನು ಅಲನ್ ಡಂಡೆಸ್ ಅವರಂಥ ವಿದ್ವಾಂಸರು ಬಹಳ ಹಿಂದೆಯೇ ಬದಿಗೆ ಸರಿಸಿದ್ದಾರೆ. ಯಾವುದಾದರೊಂದು ಸಮಾನ ಅಂಶವನ್ನು ಹಂಚಿಕೊಂಡ, ತನ್ನದೇ ಎನ್ನಬಹುದಾದ ಸಂಪ್ರದಾಯಗಳನ್ನುಳ್ಳ ಯಾವ ಗುಂಪಾದರೂ ಜನಪದ ಗುಂಪೇ ಎಂಬುದು ಅವರ ನಿಲುವು. ಕನ್ನಡದ ಜಾನಪದ ತರಗತಿಗಳಲ್ಲಿ ಈ ಮಾತನ್ನು ಪಾಠವಾಗಿ ಹೇಳುತ್ತೇವೆ, ಪರೀಕ್ಷೆಯಲ್ಲಿ ಬರೆಸುತ್ತೇವೆ. ಕ್ಷೇತ್ರಕಾರ್ಯಕ್ಕೆ ಮಾತ್ರ ಮತ್ತೆ ಹಳ್ಳಿಯ ಬಸ್ಸನ್ನೇ ಹತ್ತುತ್ತೇವೆ. ಆ ಬಸ್ಸಿನೊಳಗೂ ಒಂದು ಜಾನಪದವಿದೆ ಎಂಬುದು ನಮಗೆ ಹೊಳೆಯುವುದು ಅಪರೂಪ. ದಿನವೂ ಒಂದೇ ಹಾದಿಯಲ್ಲಿ, ಒಂದೇ ಬಗೆಯ ವಾಹನದಲ್ಲಿ ಕೆಲಸಕ್ಕೆ ಹೋಗಿಬರುವ ಜೋಹಾನ್ಸ್‌ಬರ್ಗಿನ ಕಾರ್ಮಿಕರು ಡಂಡೆಸ್ ಹೇಳುವ ಅರ್ಥದಲ್ಲಿ ಪರಿಪೂರ್ಣವಾದ ಜನಪದ ಗುಂಪು.

ಅವರ ವಾಹನ ಹದಿನಾರು ಆಸನಗಳ ಮಿನಿಬಸ್. ಅಲ್ಲಿ ಅದನ್ನು ಟ್ಯಾಕ್ಸಿ ಎನ್ನುತ್ತಾರೆ. ನಮ್ಮಲ್ಲಿ ಟ್ಯಾಕ್ಸಿ ಎಂದರೆ ಒಬ್ಬಿಬ್ಬರು ಬಾಡಿಗೆಗೆ ಹಿಡಿಯುವ ಕಾರು. ಅಲ್ಲಿನದು ಹಲವರು ಒಟ್ಟಾಗಿ ಕೂರುವ, ಗೊತ್ತಾದ ಹಾದಿಯಲ್ಲಿ ಓಡುವ ಖಾಸಗಿ ವಾಹನ. ವಿಶ್ವಕಪ್ಪಿನ ಹೊತ್ತಿಗೆ ದೇಶದ ಸಾರ್ವಜನಿಕ ಸಾರಿಗೆಯ ಪ್ರಯಾಣಿಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಇದನ್ನೇ ನೆಚ್ಚಿಕೊಂಡಿದ್ದರು. ಬಹುಪಾಲು ವಾಹನಗಳಿಗೆ ಹಾದಿ ತಿಳಿಸುವ ಫಲಕವಿಲ್ಲ, ವೇಳಾಪಟ್ಟಿಯಿಲ್ಲ. ರಸ್ತೆಯ ಅಂಚಿನಲ್ಲಿ ನಿಂತ ಪ್ರಯಾಣಿಕ ಓಡಿಬರುತ್ತಿರುವ ಟ್ಯಾಕ್ಸಿಗೆ ತಾನು ಹೋಗಬೇಕಾದ ಸ್ಥಳವನ್ನು ಕೈಸನ್ನೆಯಿಂದ ತಿಳಿಸುತ್ತಾನೆ. ಅದು ತನ್ನ ಹಾದಿಯಾದರೆ ಚಾಲಕ ನಿಲ್ಲಿಸುತ್ತಾನೆ, ಅಲ್ಲವಾದರೆ ವೇಗ ತಗ್ಗಿಸದೆ ಸಾಗುತ್ತಾನೆ. ಚಾಲಕನ ಕಡೆಯಿಂದ ಬರುವ ಉತ್ತರ ಹಾರ್ನಿನ ಸದ್ದು. ಪಾದಚಾರಿಯನ್ನು ಕಂಡರೆ ಎರಡು ಬಾರಿ ಒತ್ತಿ ಬರುವಿರಾ ಎಂದು ವಿಚಾರಿಸುತ್ತಾನೆ. ಇಷ್ಟೂ ವ್ಯವಹಾರ ಕೆಲವೇ ಕ್ಷಣಗಳಲ್ಲಿ, ಒಂದು ಮಾತೂ ಆಡದೆ ಮುಗಿಯುತ್ತದೆ.

ತೋರುಬೆರಳನ್ನು ಮೇಲಕ್ಕೆತ್ತಿದರೆ ನಗರದ ಕೇಂದ್ರಭಾಗಕ್ಕೆ ಎಂದು ಅರ್ಥ. ಅದೇ ಬೆರಳನ್ನು ನೆಲದ ಕಡೆಗೆ ತೋರಿದರೆ ಇಲ್ಲೇ ಹತ್ತಿರದಲ್ಲಿ, ಬಡಾವಣೆಯ ಒಳಗೇ ಎಂದರ್ಥ. ನಾಲ್ಕು ಬೆರಳುಗಳನ್ನು ಚಾಚಿದರೆ ಉತ್ತರದ ಫೋರ್‌ವೇಸ್ ಎಂಬ ಬಡಾವಣೆ. ಕಿತ್ತಳೆ ಹಣ್ಣೊಂದನ್ನು ಹಿಡಿದಂತೆ ಅಂಗೈಯನ್ನು ಬಟ್ಟಲಾಗಿಸಿದರೆ ದಕ್ಷಿಣದ ಕೊನೆಯಲ್ಲಿರುವ ಆರೆಂಜ್ ಫಾರ್ಮ್. ಈ ನಾಲ್ಕೇ ಉದಾಹರಣೆಗಳಿಂದಲೂ ಸನ್ನೆಗಳ ರಚನೆ ಒಂದೇ ಬಗೆಯದಲ್ಲವೆಂಬುದು ಗೊತ್ತಾಗುತ್ತದೆ. ಮೊದಲ ಎರಡು ದಿಕ್ಕನ್ನೂ ದೂರವನ್ನೂ ಸೂಚಿಸುವಂಥವು. ಮೂರನೆಯದು ಸ್ಥಳನಾಮದೊಳಗಿನ ಸಂಖ್ಯೆಯನ್ನು ಎತ್ತಿಕೊಂಡಿದೆ. ನಾಲ್ಕನೆಯದು ಇಂಗ್ಲಿಷ್ ಸ್ಥಳನಾಮವನ್ನು ಒಗಟಿನಂತೆ ಬಿಡಿಸಿ, ಅದರೊಳಗಿನ ಹಣ್ಣನ್ನು ಕೈಯಲ್ಲಿ ಹಿಡಿದುಬಿಟ್ಟಿದೆ. ಹನ್ನೊಂದು ಅಧಿಕೃತ ನುಡಿಗಳಿದ್ದ ದೇಶದ ಅತಿ ದೊಡ್ಡ ನಗರದಲ್ಲಿ ಜುಲು ಆಡುವವನಿಗೂ ಸೊತೊ ಆಡುವವಳಿಗೂ ಈ ಸನ್ನೆಗಳು ಸಮಾನ ನುಡಿಯಾದವು. ಮೇಲೆತ್ತಿದ ಬೆರಳು ನಗರದ ಎತ್ತರದ ಕಟ್ಟಡಗಳನ್ನು ಸೂಚಿಸುತ್ತದೆ ಎಂಬ ವಿವರಣೆ ಯಾರಿಗಾದರೂ ಥಟ್ಟನೆ ಹೊಳೆಯಬಹುದು. ಆದರೆ ಬಳಕೆ ಗಟ್ಟಿಯಾದ ಮೇಲೆ ಕಟ್ಟಿದ ಇಂಥ ನಿರುಕ್ತಗಳನ್ನು ಮೂಲವೆಂದು ಒಪ್ಪುವ ಮುನ್ನ ಎಚ್ಚರ ಬೇಕು. ನಮ್ಮ ಸ್ಥಳನಾಮ ಐತಿಹ್ಯಗಳ ವಿಷಯದಲ್ಲಿ ವಹಿಸುವ ಎಚ್ಚರವೇ ಇದಕ್ಕೂ ಸಲ್ಲುತ್ತದೆ.

ಕರ್ನಾಟಕದ ದನಗಳ ಜಾತ್ರೆಯನ್ನು ಕಂಡವರಿಗೆ ಬೆರಳಿನ ವ್ಯವಹಾರ ಹೊಸದಲ್ಲ. ದಲ್ಲಾಳಿಯೂ ಕೊಳ್ಳುವವನೂ ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಕುದುರಿಸುತ್ತಾರೆ. ಸುತ್ತ ನಿಂತ ಹತ್ತು ಜನಕ್ಕೆ ಅಂಕಿ ತಿಳಿಯಕೂಡದು ಎಂಬುದೇ ಅದರ ಉದ್ದೇಶ. ಜೋಹಾನ್ಸ್‌ಬರ್ಗಿನ ಸನ್ನೆಯ ಉದ್ದೇಶ ಇದಕ್ಕೆ ನೇರ ವಿರುದ್ಧವಾದುದು. ದೂರದಿಂದ, ವೇಗದಲ್ಲಿ, ಅಪರಿಚಿತನಿಗೆ ಅದು ಕಾಣಬೇಕು. ಹಾಗಿದ್ದರೂ ಪರಿಣಾಮದಲ್ಲಿ ಎರಡಕ್ಕೂ ಹೋಲಿಕೆಯಿದೆ: ಕಲಿತವನಿಗೆ ಅದು ಬಾಗಿಲು, ಕಲಿಯದವನಿಗೆ ಗೋಡೆ. ನಗರದ ಉತ್ತರ ಭಾಗದಲ್ಲಿ ಸ್ವಂತ ಕಾರುಗಳಲ್ಲಿ ಓಡಾಡುತ್ತಿದ್ದ ಬಿಳಿಯ ನಿವಾಸಿಗಳು ಈ ಬೆರಳುಗಳನ್ನು ದಿನವೂ ಕಿಟಕಿಯಾಚೆ ಕಾಣುತ್ತಿದ್ದರು. ಅವು ಏನು ಹೇಳುತ್ತಿವೆಯೆಂದು ಬಹುಮಂದಿಗೆ ತಿಳಿದಿರಲಿಲ್ಲ.

ವಾಹನದ ಒಳಗಿನ ಶಿಷ್ಟಾಚಾರವೂ ಗಮನಾರ್ಹ. ಜೋಹಾನ್ಸ್‌ಬರ್ಗಿನ ಟ್ಯಾಕ್ಸಿಗಳಲ್ಲಿ ಸಾಮಾನ್ಯವಾಗಿ ನಿರ್ವಾಹಕನಿರುವುದಿಲ್ಲ. ಹಿಂದಿನ ಸಾಲಿನವರು ತಮ್ಮ ಹಣವನ್ನು ಒಟ್ಟುಗೂಡಿಸಿ ಮುಂದಿನವರ ಭುಜ ತಟ್ಟಿ ಕೊಡುತ್ತಾರೆ. ಸಾಲಿನಿಂದ ಸಾಲಿಗೆ ಬೆಳೆಯುತ್ತಾ ಅದು ಮುಂಭಾಗ ತಲುಪುತ್ತದೆ. ಚಾಲಕನ ಪಕ್ಕದಲ್ಲಿ ಕುಳಿತವರು ಹಣ ಎಣಿಸಿ, ಚಿಲ್ಲರೆ ಲೆಕ್ಕ ಹಾಕಿ ಹಿಂದಕ್ಕೆ ಕಳಿಸಬೇಕು. ಲೆಕ್ಕದಲ್ಲಿ ಹಿಂದೆ ಬಿದ್ದವರು ಆ ಆಸನದಲ್ಲಿ ಕೂರಲು ಹಿಂಜರಿಯುವುದು ಅಲ್ಲಿನ ಹಾಸ್ಯಕ್ಕೆ ನಿತ್ಯದ ವಸ್ತು. ಗುರುತು ಪರಿಚಯವಿಲ್ಲದ ಹದಿನೈದು ಜನರ ನಡುವೆ ರಸೀದಿಯಿಲ್ಲದೆ ಹಣ ಕೈದಾಟುವ ಈ ಕ್ರಮಕ್ಕೆ ನಂಬಿಕೆಯ ಹೊರತು ಬೇರೆ ಆಧಾರವಿಲ್ಲ. ಇಳಿಯಲು ಗಂಟೆಯೂ ಇಲ್ಲ, ದನಿಯೆತ್ತಿ ಹೇಳಬೇಕು. 'ಆಫ್ಟರ್ ರೋಬೋಟ್' ಎಂದರೆ ಸಿಗ್ನಲ್ ದೀಪ ದಾಟಿದ ಮೇಲೆ. ದಕ್ಷಿಣ ಆಫ್ರಿಕಾದ ಇಂಗ್ಲಿಷಿನಲ್ಲಿ ಸಿಗ್ನಲ್ ದೀಪಕ್ಕೆ ರೋಬೋಟ್ ಎಂದೇ ಹೆಸರು. 'ಶಾರ್ಟ್ ಲೆಫ್ಟ್' ಎಂದರೆ ಎಡಕ್ಕೆ ತಿರುಗಿದ ಕೂಡಲೇ. ಈ ಎರಡನೆಯ ಕೂಗನ್ನು ಅಲ್ಲಿನ ಪ್ರವಾಸೋದ್ಯಮ ಸಂಸ್ಥೆಯು ಸ್ವದೇಶಿ ಪ್ರವಾಸಿಗರಿಗಾಗಿ ರೂಪಿಸಿದ ತನ್ನ ಪ್ರಚಾರಕ್ಕೆ ಹೆಸರಾಗಿ ಎತ್ತಿಕೊಂಡಿತು. ಟ್ಯಾಕ್ಸಿಯನ್ನು ಸಮಸ್ಯೆಯೆಂದು ಕಾಣುತ್ತಿದ್ದ ಪ್ರಭುತ್ವಕ್ಕೆ ಟ್ಯಾಕ್ಸಿಯ ನುಡಿ ಮಾತ್ರ ಆಕರ್ಷಕವಾಗಿ ಕಂಡಿತು!

ಇಂಥದೊಂದು ವ್ಯವಸ್ಥೆ ಏಕೆ ಹುಟ್ಟಿತು ಎಂಬುದನ್ನು ತಿಳಿಯಲು ನಗರದ ಚರಿತ್ರೆಯತ್ತ ತಿರುಗಬೇಕು. ಜೋಹಾನ್ಸ್‌ಬರ್ಗಿನಲ್ಲಿ 1891ರಲ್ಲಿ ಕುದುರೆ ಎಳೆಯುವ ಟ್ರಾಮುಗಳು, 1906ರಲ್ಲಿ ವಿದ್ಯುತ್ ಟ್ರಾಮುಗಳು ಬಂದವು. ಆ ಟ್ರಾಮುಗಳಲ್ಲಿ ಭಾರತೀಯರಿಗೆ ಪ್ರವೇಶ ನಿರಾಕರಿಸಿದ್ದರ ವಿರುದ್ಧ ಆಗ ಅಲ್ಲಿಯೇ ವಕೀಲರಾಗಿದ್ದ ಗಾಂಧೀಜಿಯವರು ಹೋರಾಡಿದರು. ಮುಂದೆ ವರ್ಣಭೇದ ನೀತಿಯು ಕಪ್ಪು ಜನರ ವಸತಿಯನ್ನು ನಗರದಿಂದ ಹೊರಗಿನ ಟೌನ್‌ಶಿಪ್ಪುಗಳಿಗೆ ದೂಡಿತು. ನೈರುತ್ಯ ದಿಕ್ಕಿನ ಸೊವೆಟೊ ಇವುಗಳಲ್ಲಿ ಅತಿ ದೊಡ್ಡದು. ದುಡಿಮೆ ನಗರದಲ್ಲಿ, ಮಲಗುವುದು ಹತ್ತಾರು ಕಿಲೋಮೀಟರ್ ಆಚೆ. ನಡುವಿನ ದೂರಕ್ಕೆ ದುಡಿಯುವವನೇ ಹಣ ತೆರಬೇಕು. ಹೀಗಾಗಿ ಪ್ರಯಾಣದರವೆಂಬುದು ಅಲ್ಲಿ ಆರಂಭದಿಂದಲೂ ರಾಜಕೀಯ ಪ್ರಶ್ನೆಯಾಯಿತು. 1943ರಲ್ಲಿ ಅಲೆಕ್ಸಾಂಡ್ರಾ ಟೌನ್‌ಶಿಪ್ಪಿನ ಜನ ಬಸ್ಸು ಬಹಿಷ್ಕರಿಸಿ ನಡೆದಾಗ ತರುಣ ನೆಲ್ಸನ್ ಮಂಡೇಲಾ ಆ ನಡಿಗೆಯಲ್ಲಿದ್ದರು. 1957ರ ಜನವರಿಯಲ್ಲಿ ಬಸ್ ದರ ನಾಲ್ಕು ಪೆನ್ಸಿನಿಂದ ಐದಕ್ಕೆ ಏರಿದಾಗ ಅದೇ ಅಲೆಕ್ಸಾಂಡ್ರಾದ ಸಾವಿರಾರು ಜನ ತಿಂಗಳುಗಟ್ಟಲೆ, ಒಂದೊಂದು ಕಡೆಗೆ ಒಂಬತ್ತು ಹತ್ತು ಮೈಲಿಯಷ್ಟು ನಡೆದೇ ಕೆಲಸಕ್ಕೆ ಹೋಗಿಬಂದರು.

ಆ ಚಳವಳಿಯ ಘೋಷಣೆ 'ಅಜಿಕ್ವೆಲ್ವಾ'. 'ನಾವು ಹತ್ತುವುದಿಲ್ಲ' ಎಂದು ಇದನ್ನು ಅನುವಾದಿಸುವುದು ರೂಢಿ. ಪದವನ್ನು ಬಿಡಿಸಿ ನೋಡಿದರೆ ಅದು ಜುಲುವಿನ ಕರ್ಮಣಿ ಪ್ರಯೋಗ. 'ಅವು ಹತ್ತಲ್ಪಡುವುದಿಲ್ಲ' ಎಂಬುದು ಅಕ್ಷರಶಃ ಅರ್ಥ. ನಿರಾಕರಿಸುವವರ ಹೆಸರು ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಪೊಲೀಸರು ನಾಯಕರನ್ನು ಹುಡುಕುತ್ತಿದ್ದ ಕಾಲದಲ್ಲಿ ಕರ್ತೃವನ್ನು ಮರೆಸಿದ ಈ ವಾಕ್ಯರಚನೆಗೆ ವ್ಯಾಕರಣದಾಚೆಗೂ ಅರ್ಥವಿದೆ ಎಂದು ನನ್ನ ಅನಿಸಿಕೆ. ಕಡೆಗೆ ದರ ಹಿಂದಕ್ಕೆ ಬಂತು. ಹೆಚ್ಚುವರಿ ವೆಚ್ಚಕ್ಕಾಗಿ ಮಾಲೀಕರ ಮೇಲೆ ತೆರಿಗೆ ಹಾಕುವ ಕಾಯಿದೆಯನ್ನು ಸರ್ಕಾರ ಅದೇ ವರ್ಷ ತಂದಿತು. ರೈಲು ಕೂಡ ಇಂಥದೇ ನುಡಿಗಟ್ಟುಗಳನ್ನು ಹುಟ್ಟಿಸಿತು. ಕಿಕ್ಕಿರಿದ ಸೊವೆಟೊ ರೈಲುಗಳ ಹೊರಬದಿಗೆ ನೇತುಬಿದ್ದು ಸಾಗುವ ಯುವಕರಿಗೆ 'ಸ್ಟಾಫ್‌ರೈಡರ್' ಎಂಬ ಹೆಸರು ಬಿತ್ತು. 1978ರಲ್ಲಿ ಆರಂಭವಾದ ಪ್ರಸಿದ್ಧ ಸಾಹಿತ್ಯ ಪತ್ರಿಕೆಯೊಂದು ಅದೇ ಹೆಸರನ್ನು ಇಟ್ಟುಕೊಂಡಿತು.

ಟ್ಯಾಕ್ಸಿ ಹುಟ್ಟಿದ್ದು ಕಾನೂನಿನ ಸಂದಿಯೊಂದರಲ್ಲಿ. 1977ರ ರಸ್ತೆ ಸಾರಿಗೆ ಕಾಯಿದೆಯು ಒಂಬತ್ತಕ್ಕಿಂತ ಹೆಚ್ಚು ಜನರನ್ನು ಒಯ್ಯುವ ವಾಹನವನ್ನು ಬಸ್ಸೆಂದು ಕರೆಯಿತು. ಹಾಗಾದರೆ ಚಾಲಕನೂ ಸೇರಿ ಒಂಬತ್ತು ಜನರ ವ್ಯಾನು ಟ್ಯಾಕ್ಸಿಯಾಗಬಹುದಲ್ಲವೆ? ಕಪ್ಪು ಉದ್ಯಮಿಗಳು ಈ ಸಂದಿಯಲ್ಲಿ ನುಸುಳಿ ವ್ಯಾನುಗಳನ್ನು ಓಡಿಸತೊಡಗಿದರು. 1988ರ ಸಾರಿಗೆ ವಿನಿಯಂತ್ರಣ ಕಾಯಿದೆ ಹದಿನಾರು ಆಸನದ ಮಿನಿಬಸ್ಸನ್ನು ಸಕ್ರಮಗೊಳಿಸಿತು. ಪರವಾನಗಿಗಳು ಧಾರಾಳವಾಗಿ ಸಿಕ್ಕವು, ಹಾದಿಗಳಿಗಾಗಿ ಮಾಲೀಕರ ಸಂಘಗಳು ಕಾದಾಡಿದವು. 1990ರ ದಶಕದ 'ಟ್ಯಾಕ್ಸಿ ಯುದ್ಧ'ಗಳಲ್ಲಿ ಬಹಳಷ್ಟು ಜನ ಸತ್ತರು. ಸನ್ನೆಗಳ ಸೊಗಸನ್ನು ಹೊಗಳುವ ಭರದಲ್ಲಿ ಈ ರಕ್ತಪಾತವನ್ನಾಗಲಿ, ಮಿತಿಮೀರಿದ ವೇಗದ ಅಪಘಾತಗಳನ್ನಾಗಲಿ ಮರೆಯುವುದು ಪ್ರಾಮಾಣಿಕ ಅಧ್ಯಯನದ ಲಕ್ಷಣವಲ್ಲ. ಜನಪದವಾದದ್ದೆಲ್ಲ ಸೌಮ್ಯವಾದದ್ದೆಂಬ ಭ್ರಮೆ ನಮ್ಮ ಕ್ಷೇತ್ರವನ್ನು ಸಾಕಷ್ಟು ಕಾಡಿದೆ.

ಆ ವೇಗಕ್ಕೂ ಒಂದು ಹೆಸರಿತ್ತು. ಅದು ಕ್ರೀಡಾಲೋಕದಿಂದಲೇ ಬಂದದ್ದೆಂಬುದು ಪ್ರಸ್ತುತ ವಿಷಯಕ್ಕೆ ಸ್ವಾರಸ್ಯದ ಸಂಗತಿ. ಬ್ಲೂಮ್‌ಫಾಂಟೇನಿನಲ್ಲಿ ಹುಟ್ಟಿದ, ಬರಿಗಾಲಿನಲ್ಲಿ ಓಡುತ್ತಿದ್ದ ಬಿಳಿಯ ಹುಡುಗಿ ಜೋಲಾ ಬಡ್ ತನ್ನ ದೇಶಕ್ಕೆ ಒಲಿಂಪಿಕ್ಸಿನಿಂದ ಬಹಿಷ್ಕಾರವಿದ್ದುದರಿಂದ ಬ್ರಿಟನ್ನಿನ ಪೌರತ್ವ ಪಡೆದು 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನ 3000 ಮೀಟರ್ ಓಟದಲ್ಲಿ ಓಡಿದಳು. ಓಟದ ನಡುವೆ ಅವಳಿಗೆ ತಾಗಿ ಅಮೆರಿಕದ ಮೇರಿ ಡೆಕರ್ ಬಿದ್ದಳು, ಬಡ್ ಏಳನೆಯವಳಾದಳು. ಟೌನ್‌ಶಿಪ್ಪಿನ ಜನ ಭರದಿಂದ ನುಗ್ಗುವ ಮಿನಿಬಸ್ಸಿಗೆ 'ಜೋಲಾ ಬಡ್' ಎಂದು ಹೆಸರಿಟ್ಟರು; 'ಮೇರಿ ಡೆಕರ್' ಎಂಬ ಹೆಸರೂ ವಾಹನಗಳಿಗೆ ಅಂಟಿಕೊಂಡಿತು. ಗಾಯಕಿ ಬ್ರೆಂಡಾ ಫಾಸಿಯ ಜನಪ್ರಿಯ ಹಾಡೊಂದರ ಹೆಸರೂ ಇದೇ ಆಯಿತು. ತಮ್ಮನ್ನು ಪ್ರತಿನಿಧಿಸದ ಕ್ರೀಡಾಪಟುವನ್ನು, ತಮಗೆ ಪ್ರವೇಶವಿಲ್ಲದ ಕ್ರೀಡಾಕೂಟವನ್ನು ಜನ ತಮ್ಮ ಬೀದಿಯ ನಗೆಯಾಗಿ ಮಾರ್ಪಡಿಸಿದ ಬಗೆ ಇದು. ಇದರಲ್ಲಿ ಮೆಚ್ಚುಗೆ ಎಷ್ಟು, ಮೂದಲಿಕೆ ಎಷ್ಟು ಎಂದು ಬೇರ್ಪಡಿಸಲಾಗದು. ವಿಶ್ವಕಪ್ ಆ ದೇಶಕ್ಕೆ ಬರುವುದಕ್ಕೆ ಕಾಲು ಶತಮಾನ ಮೊದಲೇ ಕ್ರೀಡೆಯೂ ಸಾರಿಗೆಯೂ ಜನರ ಬಾಯಲ್ಲಿ ಹೀಗೆ ಒಂದಾಗಿದ್ದವು.

2004ರ ಮೇ 15ರಂದು ವಿಶ್ವಕಪ್ಪಿನ ಆತಿಥ್ಯ ದಕ್ಷಿಣ ಆಫ್ರಿಕಾಕ್ಕೆ ದೊರೆಯಿತು. ಜೋಹಾನ್ಸ್‌ಬರ್ಗಿನಲ್ಲಿ ಎರಡು ಕ್ರೀಡಾಂಗಣಗಳು: ಸೊವೆಟೊದ ಅಂಚಿನ ಸಾಕರ್ ಸಿಟಿ ಮತ್ತು ನಗರದೊಳಗಿನ ಎಲ್ಲಿಸ್ ಪಾರ್ಕ್. ಸಾಕರ್ ಸಿಟಿಯನ್ನು ಆಫ್ರಿಕಾದ ಮನೆಗಳ ಸೋರೆಬುರುಡೆಯ ಪಾತ್ರೆಯ ಆಕಾರದಲ್ಲಿ ಹೊಸದಾಗಿ ರೂಪಿಸಲಾಯಿತು. ಕಟ್ಟಡಕ್ಕೆ ಜನಪದ ವಸ್ತುವಿನ ರೂಪ ಬೇಕೆಂದು ಬಗೆದವರು ಅದನ್ನು ತಲುಪುವ ಹಾದಿಗಳಿಗೆ ಮಾತ್ರ ಹೊರದೇಶದ ಮಾದರಿಗಳನ್ನು ಹುಡುಕಿದರು. ಗೌಟ್ರೇನ್ ಎಂಬ ಅತಿವೇಗದ ರೈಲು ವಿಶ್ವಕಪ್ಪಿಗಿಂತ ಮೊದಲೇ ಯೋಜಿತವಾದದ್ದು; ಆದರೆ ವಿಮಾನ ನಿಲ್ದಾಣದಿಂದ ಶ್ರೀಮಂತ ಸ್ಯಾಂಡ್‌ಟನ್ನಿನವರೆಗಿನ ಅದರ ಭಾಗ ತೆರೆದದ್ದು 2010ರ ಜೂನ್ 8ರಂದು, ಉದ್ಘಾಟನಾ ಪಂದ್ಯಕ್ಕೆ ಮೂರೇ ದಿನ ಮೊದಲು. ಸುಮಾರು 80 ಕಿಲೋಮೀಟರಿನ ಆ ಹಳಿಗೆ ಸೊವೆಟೊದಲ್ಲಿ ಒಂದು ನಿಲ್ದಾಣವೂ ಇರಲಿಲ್ಲ. ತಿನ್ನಬಾರದು, ಕುಡಿಯಬಾರದು, ಚೂಯಿಂಗ್ ಗಮ್ ಅಗಿಯಬಾರದು ಎಂಬುದು ಅದರ ಬರೆದಿಟ್ಟ ನಿಯಮ.

ಬಸ್ಸಿನ ಕಥೆ ಬೇರೆ. ಪ್ರತ್ಯೇಕ ಪಥದಲ್ಲಿ ಓಡುವ 'ರೇಆ ವಾಯಾ' ಬಸ್ ಸೇವೆ 2009ರ ಆಗಸ್ಟ್ 30ರಂದು ಆರಂಭವಾಯಿತು. ಸೊವೆಟೊದಿಂದ ಹೊರಟು ಎಲ್ಲಿಸ್ ಪಾರ್ಕ್ ಮುಟ್ಟುವ ಅದರ ಮೊದಲ ಹಾದಿ ಎರಡೂ ಕ್ರೀಡಾಂಗಣಗಳನ್ನು ಬೆಸೆಯಿತು. ಟೌನ್‌ಶಿಪ್ಪಿನವರಿಗೆ ಮೀಸಲು ಪಥದ ಗೌರವಯುತ ಪ್ರಯಾಣ ದೊರೆತದ್ದು ಸಣ್ಣ ಸಾಧನೆಯಲ್ಲ. 'ರೇಆ' ಎಂಬುದು ಸೊತೊ ನುಡಿಯ 'ನಾವು', 'ವಾಯಾ' ಎಂಬುದು ಟೌನ್‌ಶಿಪ್ಪಿನ ಬೆರಕೆ ಬೀದಿನುಡಿಯ 'ಹೋಗು'. ಸೇರಿದರೆ 'ನಾವು ಹೊರಟಿದ್ದೇವೆ'. ಇದು ಒಂಟಿ ಹೆಸರಲ್ಲ. ಜಪಾನಿನ ಟೊಯೊಟಾ ಕಂಪನಿ ಅಲ್ಲಿನ ಟ್ಯಾಕ್ಸಿ ಮಾಲೀಕರಿಗಾಗಿ ಮಾರಿದ ಮಿನಿಬಸ್ಸಿನ ಹೆಸರು 'ಸಿಯಾಯಾ', ಜುಲುವಿನಲ್ಲಿ 'ನಾವು ಹೋಗುತ್ತಿದ್ದೇವೆ'; ನಂತರದ ಮಾದರಿ 'ಸೆಸ್‌ಫಿಕಿಲೆ', ಎಂದರೆ 'ನಾವು ಬಂದು ಮುಟ್ಟಿದೆವು'. ಐವತ್ತು ವರ್ಷಗಳ ಹಿಂದೆ ಕರ್ತೃವಿಲ್ಲದ ನಿರಾಕರಣೆಯಾಗಿದ್ದ ಬಸ್ಸಿನ ನುಡಿಗೆ ಈಗ 'ನಾವು' ಎಂಬ ಕರ್ತೃ ಬಂದಿದ್ದಾನೆ. ಆದರೆ ಆ 'ನಾವು' ಎಂಬುದನ್ನು ಈಗ ಉಚ್ಚರಿಸುತ್ತಿರುವುದು ಒಂದು ಕಡೆ ನಗರಾಡಳಿತ, ಇನ್ನೊಂದು ಕಡೆ ವಾಹನ ಕಂಪನಿ.

ಯಾರು ಈ 'ನಾವು' ಎಂಬ ವಿವಾದ ಬೀದಿಯಲ್ಲಿಯೇ ನಡೆಯಿತು. 2009ರ ಮಾರ್ಚಿನಲ್ಲಿ ಟ್ಯಾಕ್ಸಿಯವರು ಮುಷ್ಕರ ಹೂಡಿದರು. ಬಸ್ಸು ಓಡತೊಡಗಿದ ಕೆಲವೇ ದಿನಗಳಲ್ಲಿ ಸೊವೆಟೊದಲ್ಲಿ ಅದರ ಮೇಲೆ ಗುಂಡು ಹಾರಿತು, ಇಬ್ಬರು ಗಾಯಗೊಂಡರು. ದೀರ್ಘ ಮಾತುಕತೆಯ ನಂತರ, ಪಂದ್ಯಾವಳಿ ಮುಗಿದ ಮೇಲೆ, 2011ರ ಫೆಬ್ರುವರಿಯಲ್ಲಿ ಬಸ್ ಸೇವೆಯ ನಿರ್ವಹಣೆ ಪಯೋಟ್ರಾನ್ಸ್ ಎಂಬ ಕಂಪನಿಗೆ ಬಂತು. ಅದರ ಷೇರುದಾರರು ತಮ್ಮ ವಾಹನಗಳನ್ನು ಆ ಹಾದಿಯಿಂದ ಹಿಂತೆಗೆದ 300ಕ್ಕೂ ಹೆಚ್ಚು ಟ್ಯಾಕ್ಸಿ ಮಾಲೀಕರು. ಸಾರಿಗೆ ಸುಧಾರಣೆಯಲ್ಲಿ ಹಳಬರನ್ನು ಒಳಗೊಂಡ ಅಪರೂಪದ ಮಾದರಿಯೆಂದು ಇದನ್ನು ಯೋಜಕರು ಮೆಚ್ಚುತ್ತಾರೆ, ಅದು ನ್ಯಾಯವೇ. ಆದರೆ ಒಳಗೊಂಡದ್ದು ಒಡೆತನವನ್ನು. ರಸ್ತೆಯ ನಡುವೆ ಎತ್ತರದ ಜಗಲಿಯ ಮೇಲೆ ಕಟ್ಟಿದ, ಮುಚ್ಚಿದ ನಿಲ್ದಾಣಗಳಲ್ಲಿ ಮಾತ್ರ ಆ ಬಸ್ಸು ನಿಲ್ಲುತ್ತದೆ. ಫಲಕ ಹಾದಿ ಹೇಳುತ್ತದೆ, ಟಿಕೆಟ್ ಕಿಟಕಿ ಹಣ ಪಡೆಯುತ್ತದೆ. ಬೆರಳಿಗೆ ಅಲ್ಲಿ ಕೆಲಸವಿಲ್ಲ, ಮುಂದಿನವರ ಭುಜ ತಟ್ಟುವ ಅಗತ್ಯವೂ ಇಲ್ಲ. ಇದರಿಂದ ಹೊರಗಿನವರಿಗೆ ಆದ ಅನುಕೂಲ ದೊಡ್ಡದು: ವಿಶ್ವಕಪ್ಪಿಗೆ ಬಂದ ವಿದೇಶಿ ಪ್ರೇಕ್ಷಕ ಒಂದೂ ಸನ್ನೆ ಕಲಿಯದೆ ಸಾಕರ್ ಸಿಟಿ ತಲುಪಬಹುದಾಗಿತ್ತು. ಊರಿನವರಿಗೆ ಅದು ಎರಡನೆಯ ವ್ಯಾಕರಣವನ್ನು ಕಲಿಸಿತು.

ಸನ್ನೆಗಳನ್ನು ಯಾರೂ ದಾಖಲಿಸಲಿಲ್ಲವೆಂದಲ್ಲ. ಜೋಹಾನ್ಸ್‌ಬರ್ಗಿನ ಕಲಾವಿದೆ ಸುಸಾನ್ ವುಲ್ಫ್ ಅವರು ಚಾಲಕರನ್ನೂ ಪ್ರಯಾಣಿಕರನ್ನೂ ಕೇಳಿ ಈ ಸನ್ನೆಗಳನ್ನು ಕಲೆಹಾಕಿ ಚಿತ್ರಿಸಿದರು. ಅವರ ಕೆಲಸದಲ್ಲಿ ಜಾನಪದಜ್ಞರು ವಿಶೇಷವಾಗಿ ಗಮನಿಸಬೇಕಾದ್ದು ಇನ್ನೊಂದಿದೆ. ಇಡೀ ವ್ಯವಸ್ಥೆ ಕಣ್ಣನ್ನು ನೆಚ್ಚಿದ್ದರಿಂದ ಅಂಧ ಪ್ರಯಾಣಿಕರು ಅದರಿಂದ ಹೊರಗುಳಿದಿದ್ದರು. ಅವರಿಗಾಗಿ ಪ್ರತಿ ಸನ್ನೆಯನ್ನೂ ಬೆರಳ ತುದಿಯಿಂದ ತಡವಿ ಓದಬಹುದಾದ ಸರಳ ಉಬ್ಬುರೇಖೆಗಳಿಗೆ ವುಲ್ಫ್ ಇಳಿಸಿದರು. ಸಂಗ್ರಹವೆಂದರೆ ಎತ್ತಿ ಕಪಾಟಿನಲ್ಲಿ ಇಡುವುದು ಎಂದಾಗಿದ್ದರೆ ಈ ಲೋಪ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ವಿಶ್ವಕಪ್ ನಡೆದ 2010ರಲ್ಲಿಯೇ ದಕ್ಷಿಣ ಆಫ್ರಿಕಾದ ಅಂಚೆ ಇಲಾಖೆ ಟ್ಯಾಕ್ಸಿ ಸನ್ನೆಗಳ ಅಂಚೆಚೀಟಿಗಳನ್ನು ಹೊರತಂದಿತು. ಸನ್ನೆಗೆ ಅವಕಾಶವಿಲ್ಲದ ಬಸ್ಸು ಮತ್ತು ಸನ್ನೆಯ ಅಂಚೆಚೀಟಿ ಹೀಗೆ ಒಂದೇ ಪ್ರಭುತ್ವದಿಂದ, ಸರಿಸುಮಾರು ಒಂದೇ ಕಾಲಕ್ಕೆ ಬಂದವು. ಕಲೆಯೊಂದು ಬಳಕೆಯಿಂದ ಸರಿಯುವ ಹೊತ್ತಿಗೆ ಅದಕ್ಕೆ ಸನ್ಮಾನ ಸಲ್ಲುವುದನ್ನು ನಾವೂ ಕಂಡಿದ್ದೇವೆ.

ಆದರೆ ಜೋಹಾನ್ಸ್‌ಬರ್ಗಿನಲ್ಲಿ ಬಳಕೆ ಸರಿಯಲಿಲ್ಲ. ರೇಆ ವಾಯಾ ಹಾದಿಗಳು ಎಣಿಸಿದಷ್ಟು ಬೇಗ ಹಬ್ಬಲಿಲ್ಲ. 1957ರಲ್ಲಿ ನಡೆದೇ ಗೆದ್ದ ಅಲೆಕ್ಸಾಂಡ್ರಾದ ಕಡೆಗಿನ ಹಂತವಂತೂ ವರ್ಷಗಟ್ಟಲೆ ತಡವಾಯಿತು. 2020ರ ಲಾಕ್‌ಡೌನಿನ ದಿನಗಳಲ್ಲಿ ಕಾವಲಿಲ್ಲದ ರೈಲು ನಿಲ್ದಾಣಗಳನ್ನು, ವಿದ್ಯುತ್ ತಂತಿಗಳನ್ನು ಕಳ್ಳರು ದೋಚಿ ಸೊವೆಟೊದ ರೈಲುಗಳು ಬಹುಕಾಲ ನಿಂತುಹೋದವು. ಅದೇ ವರ್ಷದ ರಾಷ್ಟ್ರೀಯ ಪ್ರಯಾಣ ಸಮೀಕ್ಷೆಯ ಪ್ರಕಾರ ಸಾರ್ವಜನಿಕ ಸಾರಿಗೆಯಲ್ಲಿ ಕೆಲಸಕ್ಕೆ ಹೋಗುವ ದಕ್ಷಿಣ ಆಫ್ರಿಕನ್ನರಲ್ಲಿ ಹತ್ತರಲ್ಲಿ ಎಂಟು ಮಂದಿ ಮಿನಿಬಸ್ ಟ್ಯಾಕ್ಸಿಯಲ್ಲಿಯೇ ಪ್ರಯಾಣಿಸುತ್ತಿದ್ದರು. ವಿಶ್ವಕಪ್ಪಿನ ಕಾಲಕ್ಕಿಂತ ಈ ಪಾಲು ಹೆಚ್ಚಿದೆ. ಹೊಸ ಬಡಾವಣೆಗಳು, ಹೊಸ ಮಾರುಕಟ್ಟೆಗಳು ಎದ್ದಾಗಲೆಲ್ಲ ಅವುಗಳಿಗೂ ಒಂದೊಂದು ಸನ್ನೆ ಬೇಕಾಗುತ್ತದೆ. ಅದನ್ನು ಯಾವ ಇಲಾಖೆಯೂ ಗೊತ್ತುಮಾಡುವುದಿಲ್ಲ. ರಸ್ತೆಯ ಅಂಚಿನಲ್ಲಿ ಮೊದಲು ನಿಂತವನು ಚಾಚಿದ ಕೈಯನ್ನು ಚಾಲಕನೊಬ್ಬ ಸರಿಯಾಗಿ ಓದಿಕೊಂಡರೆ, ಮರುದಿನ ಪಕ್ಕದಲ್ಲಿ ನಿಂತವಳು ಅದನ್ನೇ ತೋರುತ್ತಾಳೆ.